ಯಜಮಾನರ ಇನ್ನೊಂದು ದನಿ

ಗೆಳತಿಯರೇ, ಈಗಷ್ಟೇ ಕೆಲಸದಿಂದ ಬಂದೆ.

ಅರಸೀಕೆರೆಯ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಸೈನ್ಯದ ಗಾಡಿಗಳ ಬಿಡಿಭಾಗ ಮಾಡುತ್ತೇವೆ. ಅವುಗಳ ನಕ್ಷೆಗಳು ಕಂಪ್ಯೂಟರಿನಲ್ಲಿ ಭದ್ರವಾಗಿವೆಯೇ ಎಂದು ನೋಡಿ ಸರ್ಟಿಫಿಕೇಟ್ ಕೊಡಲು ಇಂದು ಒಬ್ಬ ಮೇಡಂ ಬಂದಿದ್ದರು. ಅದು ಸಿಗದಿದ್ದರೆ ಆರ್ಡರ್ ಇಲ್ಲ, ನಮಗೆ ಕೆಲಸವೂ ಇಲ್ಲ.

ಸರ್ಟಿಫಿಕೇಟ್ ಸಿಗಲೆಂದು ಕಾರ್ಖಾನೆಯ ಯಜಮಾನರು ಕಂಪ್ಯೂಟರಿಗೆ ಮಂಗಳಾರತಿ ಎತ್ತುತ್ತಿದ್ದಾಗ ನನ್ನ ಕೈಯಲ್ಲಿದ್ದ ಆಫೀಸಿನ ಮೊಬೈಲ್ ಬಡಿದುಕೊಂಡಿತು. ಅದರಲ್ಲಿ ಬಂದದ್ದು ಯಜಮಾನರದೇ ಹೆಸರು.

"ಗೌರಕ್ಕ, ನಾನು ಕಣಕ್ಕ. ಮೊಬೈಲಿಗೆ ಒಂದು ಓಟಿಪಿ ಬಂದೈತೆ, ಬಿರ್ರನೆ ಓದು."

ಅವರದೇ ದನಿ, ಅವರದೇ ಕೆಮ್ಮು. ಆದರೆ ಅವರು ನನ್ನೆದುರಿಗೇ ಗಂಟೆ ಬಾರಿಸುತ್ತಿದ್ದರು! "ಶಿವನೇ" ಎಂದು ಕಟ್ ಮಾಡಿ, ಇದೂ ಪರೀಕ್ಷೆಯೇ ಎಂಬಂತೆ ಮೇಡಂ ಕಡೆ ನೋಡಿದೆ.

"ಇದು ನಮ್ಮ ಪರೀಕ್ಷೆ ಅಲ್ಲಮ್ಮ. ಕಂಪ್ಯೂಟರಲ್ಲಿ ನಕಲು ಮಾಡಿ ದನಿ ಕದಿಯೋರು ಇದಾರೆ, ಹುಷಾರು" ಎಂದರು ಮೇಡಂ.

ಸಂಜೆ ಯಜಮಾನರು ಬಾಣಾವರಕ್ಕೆ ಹೋಗಿದ್ದಾಗ ಮತ್ತೆ ಫೋನ್ ಬಂತು. "ಗೌರಕ್ಕ" ಎಂದದ್ದೇ ತಡ, ಕಟ್ ಮಾಡಿದೆ. ಇನ್ನೊಂದು ಸಲ ಬಂತು, ಆಗಲೂ ಕಟ್ ಮಾಡಿದೆ.

ಯಜಮಾನರು ಬಂದವರೇ ರೇಗಿದರು. "ಏನಕ್ಕ, ನನ್ನ ಫೋನೇ ಕಟ್ ಮಾಡ್ತೀಯಾ?"

"ದೆವ್ವ ಮೂರನೇ ಸಲ ಕರೆಯಲ್ಲ ಅಂತ ನಮ್ಮಜ್ಜಿ ಹೇಳೋರು ಸ್ವಾಮಿ. ನೀವು ಎರಡೇ ಸಲ ಮಾಡಿದ್ರಿ. ಇನ್ನೊಂದು ಸಲ ಮಾಡಿದ್ರೆ ಮಾತಾಡ್ತಿದ್ದೆ."

ಅವರು ತಮ್ಮ ಮೊಬೈಲ್ ತೆಗೆದು ನೋಡಿದರು. "ನಾನು ಮಾಡಿದ್ದು ಒಂದೇ ಸಲ ಕಣಕ್ಕ."

ಮೊಬೈಲನ್ನು ಆಫೀಸಿನ ಶಿವನ ಪಟದ ಮುಂದೆ ಇಟ್ಟು ಬಂದಿದ್ದೇನೆ. ಅವನ ದನಿಯನ್ನು ಯಾರೂ ಕೇಳಿಲ್ಲವಲ್ಲ, ಅದನ್ನಂತೂ ಕದಿಯಲಾರರು.