ಮರದೆತ್ತರಕ್ಕೆ ಬಲೆ ಏರಿಸಿದ ಮಾಮಾ

ಕಳೆದ ತಿಂಗಳು ಅಂಕೋಲೆ ಕಡೆಯ ಹಾರವಾಡದ ಕಡಲ ದಂಡೆಯಲ್ಲಿ ಯಾರೋ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ಬಲೆ ಮಾಮಾ ನೆನಪಾದರು. ಅವರ ಅಂಗಿಗೂ ಕೈಗೂ ಸದಾ ಅದೇ ವಾಸನೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಅವರ್ಸಾದಲ್ಲಿ ಕೋಣೆ ಹಿಡಿದು, ರಾಮನಗುಳಿ ಕಡೆಯ ಕಾಡಿನ ಬಾವಲಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಸಂಜೆ ಪೊದೆಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಬಲೆ ಕಟ್ಟುವುದು, ಬಿದ್ದ ಬಾವಲಿಯನ್ನು ಅಳೆದು ಬಿಡುವುದು... ಹದಿನೈದು ದಿನ ಕಳೆದರೂ ಸಿಕ್ಕಿದ್ದು ಎರಡೇ ಜಾತಿ. ‘ಅಲ್ಲಿರುವುದೇ ಅಷ್ಟು, ಬರೆದು ಮುಗಿಸು’ ಎಂದು ಮಾರ್ಗದರ್ಶಕರ ಪತ್ರ ಬಂತು. ಅಷ್ಟರಲ್ಲಿ ಮುಳ್ಳಿಗೆ ಸಿಕ್ಕಿ ಬಲೆಗಳೂ ಹರಿದವು. ಮನೆಯೊಡತಿ ಹಾರವಾಡದಲ್ಲಿ ಮೀನು ಹಿಡಿಯುತ್ತಿದ್ದ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು. ಅವರೇ ಬಲೆ ಮಾಮಾ. ದೋಣಿ ದುರಸ್ತಿಗೆ ನಿಂತಿದ್ದರಿಂದ ಅವರು ಬಂದರು.

ಬಲೆ ಹೆಣೆದು ಕೊಟ್ಟ ಮೇಲೆ ಮಾಮಾ ಕಾಡಿಗೂ ಬಂದರು. ಎಂದೂ ಕೊಡಲಿ ಬೀಳದ ಆ ಮರಗಳನ್ನು ಬುಡದಿಂದ ತುದಿಯವರೆಗೆ ನೋಡಿದರು.

“ತಂಗಿ, ಬಲೆ ಎಲ್ಲಾ ಅಡಿಗೇ ಕಟ್ಟೀರಲ್ಲ. ತಳದಲ್ಲಿ ನೊಗ್ಲಿ ಮೀನು ಸಿಗೂ ಕಡೆ, ಮೇಲೆ ಓಡಾಡೂ ಬಂಗಡೆ ಸಿಕ್ತದ್ಯಾ?”

ಮರುದಿನ ಅವರು ದೋಣಿಯ ರಾಟೆ, ಹಗ್ಗ ತಂದರು. ಎರಡು ಮರ ತಾವೇ ಹತ್ತಿ, ಹಾಯಿ ಏರಿಸಿದ ಹಾಗೆ ಬಲೆ ಏರಿಸಿದರು.

ಅಂದು ಹೊತ್ತು ಮುಳುಗುವಾಗ ತುದಿಯ ಬಲೆಗೆ ಬಿದ್ದದ್ದು ನಾನು ಆ ಕಾಡಿನಲ್ಲಿ ಕಂಡೇ ಇರದ ಬಾವಲಿ. ನೀಳ, ಕಿರಿದಾದ ರೆಕ್ಕೆ. ಬಯಲಲ್ಲಿ ವೇಗವಾಗಿ ಹಾರುವಂಥದ್ದು. ನಡುವಿನ ಬಲೆಯಲ್ಲಿ ಹಣ್ಣು ತಿನ್ನುವವು. ಬುಡದಲ್ಲಿ ಮಾತ್ರ ಪೊದೆಗಳ ಸಂದಿಯಲ್ಲಿ ನಿಧಾನ ಸುಳಿಯುವ ಅಗಲ ರೆಕ್ಕೆಯ ನನ್ನ ಹಳೆಯ ಎರಡು ಜಾತಿ. ಒಂದೇ ಮರ, ಎತ್ತರಕ್ಕೊಂದು ಸಂಸಾರ.

ಮೂರನೆಯ ಸಂಜೆ ಬಲೆ ಬಿಡಿಸುವಾಗ ಬಾವಲಿ ಮಾಮಾನ ಬೆರಳು ಕಚ್ಚಿತು. ರೇಬೀಸ್ ಭಯಕ್ಕೆ ಅಂಕೋಲೆಯ ಆಸ್ಪತ್ರೆಯಲ್ಲಿ ದಿನಾ ಹೊಟ್ಟೆಗೆ ಸೂಜಿ. ದೋಣಿ ಅವರನ್ನು ಬಿಟ್ಟೇ ಸಮುದ್ರಕ್ಕೆ ಹೋಯಿತು. ನಾನು ಅಳುತ್ತ, “ಪುಸ್ತಕದಲ್ಲಿ ನಿಮ್ಮ ಹೆಸರು ಹಾಕ್ತೇನೆ ಮಾಮಾ” ಎಂದೆ. “ಹಾಕು, ಹಾಕು. ಮೊದ್ಲು ಆ ಹಗ್ಗ ಇಳ್ಸೂಕೆ ಕಲಿ” ಎಂದು ನಕ್ಕರು. ಸೂಜಿ ಮುಗಿಯುವ ಮೊದಲೇ ಮತ್ತೆ ಕಾಡಿಗೆ ಬಂದರು.

ಹೆಸರು ಬರೆದಿದ್ದೆ. ಮಾರ್ಗದರ್ಶಕರು ‘ಕೂಲಿಯವರ ಹೆಸರು ಬೇಡ’ ಎಂದು ಹೊಡೆದು ಹಾಕಿದರು. ನಾನು ವಾದ ಮಾಡಲಿಲ್ಲ. ಪದವಿ ಬೇಕಿತ್ತು.

ಪ್ರಬಂಧದ ಪ್ರತಿ ಕೊಡಲು ಹೋದಾಗ ಮಾಮಾ ಕೈ ತೊಳೆದು ಬಂದು, “ನನ್ನ ಹೆಸ್ರು ಎಲ್ಲದೆ?” ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ಗ್ರಂಥಾಲಯಕ್ಕೆ ಕೃತಜ್ಞತೆ ಹೇಳಿದ್ದ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟೆ. ಅವರು ಅದನ್ನು ಮೆಲ್ಲಗೆ ಸವರಿದರು.

ಮಾಮಾ ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ. ಆಗ ನಾನು ದೂರದಲ್ಲಿದ್ದೆ, ಹೋಗಲಿಲ್ಲ. ಕಳೆದ ತಿಂಗಳು ಅವರ ಮನೆ ಹುಡುಕಿಕೊಂಡು ಹೋದೆ. ಮೊಮ್ಮಗಳು ಈಗ ಶಾಲೆಯಲ್ಲಿ ಟೀಚರು. ಚಹಾ ಕೊಟ್ಟಳು. ಸುಳ್ಳು ಹೇಳಿದ್ದನ್ನು ಅವಳೆದುರಾದರೂ ಒಪ್ಪಿಕೊಳ್ಳೋಣವೆಂದು ಬಾಯಿ ತೆರೆದೆ.

“ಗೊತ್ತದೆ ಅಕ್ಕಾ,” ಎಂದಳು. “ನಾ ಇಂಗ್ಲಿಷ್ ಕಲ್ತ ವರ್ಷ ಅಜ್ಜ ನನ್ನ ಹತ್ರ ಓದಿಸ್ದ. ಹೆಸ್ರು ಇಲ್ಲ ಅಂದೆ. ಪುಸ್ತಕ ಮುಚ್ಚಿ ಪೆಟ್ಟಿಗೇಲಿ ಇಟ್ಟ. ಕಡಿಗೆ, ‘ತಂಗಿ ಬಂದ್ರೆ ಹೇಳೂಕೆ ಹೋಗ್ಬೇಡ, ಬೇಜಾರು ಮಾಡ್ಕಂತದೆ’ ಅಂದ.”

ಹೆಸರಿಲ್ಲವೆಂದು ತಿಳಿದ ಮೇಲೂ ಎರಡು ವರ್ಷ ಅವರು ನನ್ನ ಹಳೆಯ ಮನೆಯೊಡತಿಯ ಕೈಲಿ ನನಗೆ ಒಣ ಬಂಗಡೆ ಕಳಿಸುತ್ತಲೇ ಇದ್ದರು... ನಾನು ತಿನ್ನುತ್ತಲೂ ಇದ್ದೆ.