ತುಂಬುತೋಳಿನ ರವಿಕೆ

ಆ ದಿನ ಬೆಳಿಗ್ಗೆಯೂ ನಾನು ಎಂದಿನಂತೆ ಮೊದಲು ಒಲೆ ಹಚ್ಚಿ ಕುಚ್ಚಲಕ್ಕಿಗೆ ಎಸರಿಟ್ಟೆ, ಆಮೇಲೆ ಜಡೆ ಹೆಣೆದುಕೊಂಡೆ, ಆಮೇಲೆ ರವಿಕೆಯ ಎರಡೂ ಮಣಿಕಟ್ಟಿನ ಗುಂಡಿ ಹಾಕಿಕೊಂಡೆ. ಈ ಕ್ರಮ ತಪ್ಪಿದರೆ ದಿನವೇ ಸೊಟ್ಟಗಾಗುತ್ತದೆಂದು ನನಗೊಂದು ನಂಬಿಕೆ. ಕಾನ್ವೆಂಟಿನಲ್ಲಿ ಓದಿದವರಿಗೆ ಮೂಢನಂಬಿಕೆ ಇರುವುದಿಲ್ಲವೆಂದು ಯಾರಾದರೂ ನಿಮಗೆ ಹೇಳಿದ್ದರೆ ದಯವಿಟ್ಟು ಅದನ್ನು ನಂಬಬೇಡಿ.

ನಮ್ಮವರು ಮನೆಯಲ್ಲಿರಲಿಲ್ಲ. ದಾಕಿನ ಮದ್ದು ತರಲು ಹಿಂದಿನ ದಿನವೇ ಗಾಡಿ ಕಟ್ಟಿಸಿಕೊಂಡು ಹಿರಿಯೂರಿಗೆ ಹೋಗಿದ್ದರು. ಸಿಡುಬು ಬಾರದ ಹಾಗೆ ಮಕ್ಕಳ ತೋಳಿಗೆ ದಾಕು ಹಾಕುವುದು ಅವರ ಸರ್ಕಾರಿ ಕೆಲಸ. ಅವರು ಮರಳಿದ ಮಾರನೆಯ ದಿನ ನಮ್ಮ ಜಗಲಿಯಲ್ಲೇ ಹಟ್ಟಿಯ ಕೂಸುಗಳಿಗೆಲ್ಲ ಹಾಕುವುದೆಂದು ಡಂಗುರ ಹೊಡೆಸಿಯಾಗಿತ್ತು. ಹಟ್ಟಿ ಎಂದರೆ ನಮ್ಮ ಹಿತ್ತಿಲ ಗೋಡೆಯ ಆಚೆಗೇ ಇದ್ದ ಕುರಿ ಸಾಕುವವರ ಮನೆಗಳು. ಜವನಗೊಂಡನಹಳ್ಳಿಯ ಕಡೆ ಒಂದು ಊರಿನಲ್ಲಿ ಸಿಡುಬು ಎದ್ದಿದೆಯೆಂಬ ಸುದ್ದಿ ಬಂದು ನಮ್ಮವರಿಗೆ ಊಟ ಸೇರುತ್ತಿರಲಿಲ್ಲ. ಹಿಂದಿನ ಸಲ ಈ ಹಟ್ಟಿಯಿಂದ ಒಂದು ಕೂಸೂ ಬಂದಿರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು. "ಅವರಿಗೆ ಏನೋ ಒಂದು ಭಯ ಇದೆ. ಏನೆಂದು ತಿಳಿದರೆ ಉತ್ತರ ಹೇಳಬಹುದು. ತಿಳಿಯುವುದು ಹೇಗೆ?" ಎನ್ನುತ್ತಿದ್ದರು ನಮ್ಮವರು.

ನನ್ನನ್ನು ಕೇಳಿ ಪ್ರಯೋಜನವಿರಲಿಲ್ಲ. ನಾನು ಘಟ್ಟದ ಕೆಳಗಿನವಳು, ಮಂಗಳೂರಿನವಳು. ಮಹಾರಾಜರ ಸೀಮೆಗೆ ಮದುವೆಯಾಗಿ ಬಂದವಳು. ಮಂಗಳೂರು ಆ ಜನಕ್ಕೆ ವಿಲಾಯಿತಿಯಷ್ಟೇ ದೂರ. ನನ್ನ ಪುಸ್ತಕದ ಕನ್ನಡ ಕೇಳಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಸರಿದುಹೋಗುತ್ತಿದ್ದರು. ಬಾವಿಯ ಹತ್ತಿರ ನಾನು ಬಂದರೆ ಮಾತು ನಿಲ್ಲುತ್ತಿತ್ತು, ನಾನು ಹೊರಟರೆ ಶುರುವಾಗುತ್ತಿತ್ತು. 'ಪರಸೀಮೆಯೋಳು' ಎಂಬ ಒಂದು ಮಾತು ಮಾತ್ರ ನನ್ನ ಬೆನ್ನಿಗೆ ಸ್ಪಷ್ಟವಾಗಿ ತಾಗುತ್ತಿತ್ತು.

ಮಕ್ಕಳು ಮಾತ್ರ ಬರುತ್ತಿದ್ದವು. ಕೆಂಚಿ ಎಂಬ ಹುಡುಗಿ ಆ ದಂಡಿನ ದಳವಾಯಿ. ಸೊಂಟದ ಮೇಲೆ ಸದಾ ತಮ್ಮ ಈರ. ಅವನಿಗೆ ಆಗತಾನೆ ಕೆಳಗಿನ ಹಲ್ಲು ಮೂಡಿತ್ತು. ಆ ಹಲ್ಲನ್ನು ನನ್ನ ಭುಜದ ಮೇಲೆ ಪರೀಕ್ಷಿಸಿ ನೋಡುವುದೆಂದರೆ ಅವನಿಗೆ ಬಹಳ ಇಷ್ಟ. ಅವಳ ಹಿಂದೆ ದ್ಯಾಮ, ಇನ್ನೂ ಕೆಲವು ಚಿಳ್ಳೆಪಿಳ್ಳೆಗಳು. ನನ್ನ ಕೆಂಪನ್ನದ ಅಗುಳು ಬೆರಳಲ್ಲಿ ಹಿಸುಕಿ ನೋಡಿ, "ಇಷ್ಟ್ ದಪ್ಪ ಐತೆ! ಇದ್ನ ತಿಂದ್ರೆ ಹೊಟ್ಟೆ ಒಡ್ಯಾಕಿಲ್ವಾ ಅಮ್ಮಾರೆ?" ಎನ್ನುವುದು, ಆಮೇಲೆ ಅದನ್ನೇ ಇನ್ನೊಂದು ಹಿಡಿ ಕೇಳುವುದು. ಊರಲ್ಲಿ ನನ್ನೊಡನೆ ಮಾತಾಡುವವರು ಅಷ್ಟೇ ಮಂದಿ. ಅವರ ದಾರಿ ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆದರೂ ಅನುಮಾನ ಹುಟ್ಟಿತು. ಈ ಮಕ್ಕಳ ಕಣ್ಣು ಮಾತಾಡುವಾಗ ನನ್ನ ಮುಖದ ಮೇಲಿರುತ್ತಿರಲಿಲ್ಲ, ತೋಳಿನ ಮೇಲಿರುತ್ತಿತ್ತು. ಅಟ್ಟಣಿಗೆಯ ಮೇಲಿನ ಭರಣಿ ಇಳಿಸಿಕೊಡಿ ಎನ್ನುವರು. ನಾನು ಕೈ ಚಾಚಿದರೆ ಎಲ್ಲರೂ ಕೊರಳುದ್ದ ಮಾಡುವರು. ಒಂದು ದಿನ ತಂಬಿಗೆಯ ನೀರು ಸರಿಯಾಗಿ ನನ್ನ ತೋಳಿನ ಮೇಲೇ ಚೆಲ್ಲಿತು. ಇನ್ನೊಂದು ದಿನ ದ್ಯಾಮ, "ಚೇಳು! ಅಮ್ಮಾರ ತೋಳಿನೊಳಕ್ಕೆ ಚೇಳು ಹೋಯ್ತು! ರವಿಕೆ ಬಿಚ್ರಿ!" ಎಂದು ಕೂಗಿದ. ನಾನು ಕೋಣೆಗೆ ಓಡಿ ಬಾಗಿಲು ಹಾಕಿಕೊಂಡು ಕೊಡವಿ ನೋಡಿದರೆ ಚೇಳಿಲ್ಲ, ಇರುವೆಯೂ ಇಲ್ಲ. ಬಾಗಿಲ ಸಂದಿಯಲ್ಲಿ ಮಾತ್ರ ಕಣ್ಣುಗಳ ಸಾಲು!

ನನ್ನ ತೋಳುಗಳಲ್ಲಿ ಏನಿತ್ತೆನ್ನುತ್ತೀರಿ? ಅಮ್ಮ ಹಾಕಿ ಕಳಿಸಿದ ಚಿನ್ನದ ಬಳೆಗಳು. ನನ್ನ ಬುದ್ಧಿ ಅಲ್ಲಿಗೇ ಓಡಿತು. ಯಾರೋ ದೊಡ್ಡವರು ಈ ಮಕ್ಕಳನ್ನು ಕಳಿಸುತ್ತಿದ್ದಾರೆ, ನಮ್ಮವರು ಊರಲ್ಲಿಲ್ಲದ ಹೊತ್ತು ನೋಡಿಕೊಳ್ಳುತ್ತಿದ್ದಾರೆ. ಅಂದೇ ಬಳೆ ಬಿಚ್ಚಿ ಅಕ್ಕಿಯ ಮಡಕೆಯಲ್ಲಿ ಹುಗಿದೆ. ಆಮೇಲೆ ಪ್ರತಿ ಸಲ ಅಕ್ಕಿ ತೆಗೆಯುವಾಗಲೂ ಬಳೆ ಹುಡುಕುವುದು, ಹುಡುಕಿ ಮತ್ತೆ ಹುಗಿಯುವುದು. ಕಳ್ಳರಿಗೆ ಕೂಡ ಅಷ್ಟು ಕೆಲಸವಿರಲಾರದು.

ಆ ಬೆಳಿಗ್ಗೆ ಅನ್ನ ಬಸಿದು ಬರುವಷ್ಟರಲ್ಲಿ ದಂಡು ಜಗಲಿಯಲ್ಲಿತ್ತು. ಯಾರೂ ಅನ್ನ ಕೇಳಲಿಲ್ಲ. ಕೆಂಚಿ ಈರನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ನೇರವಾಗಿಯೇ ಕೇಳಿದಳು:

"ಅಮ್ಮಾರೆ, ನಿಮ್ ರಟ್ಟೆ ತೋರಿಸ್ರಿ."

"ಬಳೆ ಇಲ್ಲ ಕಣೇ ಅಲ್ಲಿ," ಎಂದೆ ಗಡುಸಾಗಿ.

"ಬಳೆ ಯಾರಿಗ್ ಬೇಕು? ದಾಕು ಹಾಕಿಸ್ಕಂಡೀರೋ ಇಲ್ವೋ, ಅದು ಹೇಳ್ರಿ. ನಮ್ಮಜ್ಜಿ ನೋಡ್ಕಂಡ್ ಬಾ ಅಂದೈತೆ."

"ನೋಡ್ದೆ ಬಂದ್ರೆ ಒದೀತೀನಿ ಅಂದೈತೆ," ಎಂದು ದ್ಯಾಮ ಸೇರಿಸಿದ.

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಇಷ್ಟೆಯೇ! ದಾಕು ಹಾಕುವವರು ಸ್ವಂತ ಹೆಂಡತಿಗೆ ಹಾಕಿದ್ದಾರೋ ಇಲ್ಲವೋ ಎಂದು ಹಟ್ಟಿಗೆ ಹಟ್ಟಿಯೇ ಕಾಯುತ್ತಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮರ್ಯಾದೆಯ ತುಂಬುತೋಳು ಅದನ್ನು ಮುಚ್ಚಿಟ್ಟಿದೆ. ಗುಂಡಿ ಬಿಚ್ಚಿ ತೋಳನ್ನು ಭುಜದವರೆಗೂ ಮೇಲಕ್ಕೆ ಸರಿಸಿದೆ. ಎಳವೆಯಲ್ಲಿ ಹಾಕಿಸಿದ ದಾಕಿನ ಕಲೆ ದುಂಡಗೆ, ಬೆಳ್ಳಗೆ, ಅಚ್ಚೊತ್ತಿದಂತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಈರ ನೆಕ್ಕಿ ನೋಡಿದ.

"ನಮ್ ಕುರಿಗೆ ಗುರುತು ಹಾಕ್ತೀವಲ್ಲ, ಹಂಗೇ ಐತೆ ಕಣ್ಲೇ," ಎಂದ ದ್ಯಾಮ. "ಯಾರ ಗುರುತು ಅಮ್ಮಾರೆ ಇದು?"

"ಸರ್ಕಾರದ್ದು! ಇನ್ಯಾರದ್ದು?" ಎಂದೆ ಹೆಮ್ಮೆಯಿಂದ.

"ನೋವಾಯ್ತಾ?"

"ಇರುವೆ ಕಚ್ಚಿದಷ್ಟು."

ಕೆಂಚಿ ಈರನನ್ನು ನನ್ನ ತೋಳಿನಿಂದ ಹಿಂದಕ್ಕೆ ಎಳೆದುಕೊಂಡಳು. "ನಿಮ್ ಅವ್ವ ಎಲ್ಲವ್ರೆ?"

"ಊರಲ್ಲಿ."

"ಮತ್ತೆ ನೋಡಾಕೆ ಹೋಗಿದ್ರಾ?"

"ಇನ್ನೂ ಇಲ್ಲಮ್ಮ. ಬಹಳ ದೂರ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ದಿನಗಳಲ್ಲಿ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ಈರನನ್ನು ಎದೆಗೊತ್ತಿಕೊಂಡು, "ಬರ್ರಲೇ, ಹೋಗಾಣ," ಎಂದಳು.

ಆ ಹಗಲೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಜಗಲಿ ಸಾರಿಸಿದೆ, ಚಾಪೆ ಕೊಡವಿದೆ, ಅಳುವ ಕೂಸುಗಳ ಬಾಯಿಗೆ ಇಡಲೆಂದು ಬೆಲ್ಲ ಕುಟ್ಟಿಟ್ಟೆ. ಹೊತ್ತಿಳಿಯುವಾಗ ನಮ್ಮವರು ಧೂಳು ಮೆತ್ತಿಕೊಂಡು ಬಂದು, ಮದ್ದಿನ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಣ್ಣಗಿನ ಮೂಲೆಯಲ್ಲಿಟ್ಟರು.

"ನಾಳೆ ಒಂದಾದರೂ ಬಂದೀತೇ?"

"ಎಲ್ಲವೂ ಬರುತ್ತವೆ, ನೋಡುತ್ತಿರಿ," ಎಂದೆ. ಹೇಗೆಂದು ಹೇಳಲಿಲ್ಲ. ಸ್ವಲ್ಪ ಹೊತ್ತು ಜಂಬ ಅನುಭವಿಸೋಣವೆಂದು ಹಿತ್ತಿಲಿಗೆ ಬಂದೆ.

ಗೋಡೆಯಾಚೆ ಕೆಂಚಿಯ ಅಜ್ಜಿ, ಕರಿಯಜ್ಜಿ, ಒಣಗಿದ ಬೆರಣಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಹಟ್ಟಿ ಏಕೋ ಸದ್ದಿಲ್ಲದೆ ಇತ್ತು.

"ಅಜ್ಜಿ, ನಾಳೆ ಈರನನ್ನು ಬಿಸಿಲೇರುವ ಮೊದಲೇ ಕಳಿಸಿ," ಎಂದೆ.

"ಈರ ಎಲ್ಲವ್ನೆ ತಾಯಿ?" ಅಜ್ಜಿ ಕೈ ನಿಲ್ಲಿಸಲಿಲ್ಲ. "ಕೂಸುಗಳ್ನೆಲ್ಲ ಎತ್ಕಂಡು ಮಧ್ಯಾಹ್ನವೇ ಮಂದೆ ಹಿಂದೆ ಹೋದ್ರು. ಕೆಂಚೀನೂ ಹೋದ್ಲು."

"ಎಲ್ಲಿಗೆ?"

"ಮೇವು ಎಲ್ಲೈತೋ ಅಲ್ಲಿಗೆ."

ಯಾವ ದಿಕ್ಕಿಗೆ, ಸಿಡುಬಿದ್ದ ಊರಿನ ಕಡೆಗೋ ಎಂದು ಕೇಳಲು ಗೋಡೆಯ ಹತ್ತಿರ ಸರಿದೆ. ಅಜ್ಜಿ ಸಿಂಬಿ ಸುತ್ತಿ ಬುಟ್ಟಿಯನ್ನು ತಲೆಗೇರಿಸಿಕೊಂಡಳು.

"ಬೆಳಿಗ್ಗೆ ರಟ್ಟೆ ತೋರಿಸ್ದೆಯಲ್ಲ, ಪುಣ್ಯ ಕಟ್ಕಂಡೆ ಬಿಡು," ಎಂದಳು ಹೋಗುತ್ತ ಹೋಗುತ್ತ. "ಸರ್ಕಾರದೋರು ಗುರುತು ಹಾಕಿದ್ರೆ ಎಷ್ಟು ದೂರ ಹೊಡ್ಕಂಡ್ ಹೋಗ್ತಾರೆ ಅಂತ ನಮಗೆ ಹೆಂಗ್ ತಿಳೀತಿತ್ತು?"