ಎಲ್ಲರೂ ಹೊರಗೆ ಹೋಗಿ ಎಂದ ಫೋನು

ನನ್ನಿಂದ ಡಿಗ್ರಿ ಆಗುವುದೇ ಇಲ್ಲ ಎಂದವನು ನನ್ನ ಸೋದರಮಾವ. ಮುರಗೋಡದಿಂದ ನೇಸರಗಿಯ ನಮ್ಮ ಮನೆಗೆ ಬಂದಾಗಲೆಲ್ಲ ಅದೇ ಮಾತು: "ನಮ್ಮ ಪೈಕಿ ಯಾರರ ಡಿಗ್ರಿ ಮುಗಿಸ್ಯಾರೇನು? ಇಕಿ ಮುಗಸ್ತಾಳಂತ!" ನಾನು ಕಿವಿಗೆ ಹಾಕಿಕೊಳ್ಳದೆ ದಿನಾ ಬೈಲಹೊಂಗಲದ ಬಸ್ಸು ಹತ್ತುತ್ತಿದ್ದೆ.

ಕೊನೆಯ ವರ್ಷದ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂತು. ಎಲ್ಲ ಓದಿದ್ದೇ. ಆದರೆ ಎದೆ ಬಡಿದುಕೊಂಡಿತು, ಇಲ್ಲೇ ಸಾಯುತ್ತೇನೆ ಅನ್ನಿಸಿತು. ಖಾಲಿ ಹಾಳೆ ಬಿಟ್ಟು ಎದ್ದು ಬಂದೆ. ಮರುಪರೀಕ್ಷೆಗೆ ಕೂತಾಗಲೂ ಅದೇ ಆಯಿತು. ಇನ್ನೊಂದು ಸಲ ಹೀಗಾದರೆ ಕಾಲೇಜು ಸಾಕು, ಮದುವೆ ಮಾಡಿಬಿಡೋಣ ಎಂದು ಮನೆಯಲ್ಲಿ ಮಾತಾಯಿತು.

"ಧಾರವಾಡಕ್ಕ ಒಯ್ದು ತೋರಸೂನು," ಎಂದ ಅಪ್ಪ.

ಮಾವ ಹೌಹಾರಿದ. "ಹುಚ್ಚರ ದವಾಖಾನಿಗೇನ್ರಿ? ಬಸ್ಸಿನ ತುಂಬ ನಮ್ಮ ಮಂದಿನ ಇರತಾರ. ನಾಳೆ ಇಕಿನ್ನ ಯಾರು ಮಾಡ್ಕೋತಾರು?"

ಆಗ ನಾನು ಬಾಯಿಬಿಟ್ಟೆ. ಫೋನಿನಲ್ಲೇ ಮುಖ ನೋಡಿ ಮಾತಾಡುವ ಆಪ್ತಸಮಾಲೋಚಕರು ಇರುತ್ತಾರೆ, ಮನೆ ಬಿಟ್ಟು ಎಲ್ಲೂ ಹೋಗಬೇಕಾಗಿಲ್ಲ ಎಂದೆ.

"ನಾಡಿ ಹಿಡದು ನೋಡಲಾರದ ಅದೆಂಥಾ ವೈದ್ಯಕಿ?" ಅಪ್ಪನಿಗೆ ಒಪ್ಪಿಗೆಯಾಗಲಿಲ್ಲ.

ಮಾವ ಮಾತ್ರ ಕೇಳಿದ: "ಯಾರಿಗೂ ಗೊತ್ತಾಗಂಗಿಲ್ಲಲಾ?"

"ಇಲ್ಲ."

"ಹಂಗಾರ ಆತು ಬಿಡ್ರಿ."

ನನಗೆ ವಾಸಿಯಾಗುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಊರಿಗೆ ಗೊತ್ತಾಗದು ಎಂಬ ಒಂದೇ ಕಾರಣಕ್ಕೆ ತೀರ್ಮಾನವಾಯಿತು. ನಿಜ ಹೇಳಬೇಕೆಂದರೆ, ನನಗೂ ಆಗ ಅದೇ ಮುಖ್ಯವಾಗಿತ್ತು.

ಆ ದಿನ ಕನ್ಯೆ ನೋಡಲು ಬರುತ್ತಾರೇನೋ ಎನ್ನುವಂತೆ ಜಮಖಾನ ಹಾಸಿದರು. ಅವ್ವ ಒಳ್ಳೆಯ ಸೀರೆ ಉಟ್ಟಳು. ಮಾವ ಇಸ್ತ್ರಿ ಅಂಗಿಯಲ್ಲಿ ಬಂದ. ನೆರೆಮನೆಗೆ ಕೇಳಬಾರದೆಂದು ಕಿಟಕಿ ಮುಚ್ಚಿ, ತಂಬಿಗೆಗೆ ಫೋನು ಆನಿಸಿಟ್ಟು, ನನ್ನನ್ನು ನಡುವೆ ಕೂರಿಸಿಕೊಂಡು ಎಲ್ಲರೂ ಪರದೆಯ ಮುಂದೆ ಕೂತರು.

ಪರದೆಯ ಮೇಲೆ ಒಬ್ಬ ಹೆಣ್ಣುಮಗಳು ಬಂದು ನಮಸ್ಕಾರ ಎಂದರು.

"ನಮಸ್ಕಾರ್ರೀ ಬಾಯಾರ," ಮಾವ ಶುರುಮಾಡಿದ. "ಯಾವೂರ್ರಿ ನಿಮ್ದು? ಯಾರ ಪೈಕಿ?" ಅವರು ಸುಮ್ಮನೆ ನಕ್ಕರು. "ಇಕಿಗೆ ಏನೂ ಆಗಿಲ್ಲರಿ. ಭಾಳ ಓದಿ ತಲಿ ಕಾದೈತಿ. ಒಂದು ಗುಳಿಗಿ ಹೆಸರು ಹೇಳಿಬಿಡ್ರಿ, ಚಹಾ ಕುಡ್ಯೂನು."

"ದಯವಿಟ್ಟು ನೀವೆಲ್ಲ ಹೊರಗೆ ಹೋಗ್ತೀರಾ?" ಎಂದರು ಅವರು. "ಅವರೊಬ್ಬರ ಹತ್ರಾನೇ ನಾನು ಮಾತಾಡಬೇಕು."

ಅಪ್ಪನನ್ನು ಅವನ ಪಡಸಾಲೆಯಿಂದಲೇ ಹೊರಗೆ ಹೋಗೆಂದವರು ಅದುವರೆಗೆ ಹುಟ್ಟಿರಲಿಲ್ಲ.

"ಏನಂದ್ರು? ನಮಗ?" ಮಾವನ ಕೈ ಫೋನಿನ ಕಡೆ ಹೋಯಿತು. ಕಾಲ್ ಕಟ್ ಆದರೆ ಪರೀಕ್ಷೆ, ಡಿಗ್ರಿ ಎಲ್ಲ ಮುಗಿದಂತೆಯೇ.

ಆಗ ಅವ್ವ ಎದ್ದಳು. ಅಪ್ಪನೆದುರು ದನಿ ಎತ್ತಿ ಗೊತ್ತಿಲ್ಲದವಳು.

"ಕೈ ತಗಿ," ಎಂದಳು ತಮ್ಮನಿಗೆ. "ನೀವೂ ಏಳ್ರಿ. ಹೊರಗ ನಡೀರಿ ಎಲ್ಲಾರೂ."

ಇವಳು ನನ್ನ ಅವ್ವನೇ ಹೌದೋ ಅಲ್ಲವೋ ಎಂದು ನಾನು ನೋಡುತ್ತಲೇ ಉಳಿದೆ. ಎಲ್ಲರನ್ನೂ ಹೊರಗೆ ಹಾಕಿ, ಹೊರಗಿನಿಂದ ಚಿಲಕ ಎಳೆದಳು. ಆಮೇಲೆ ಪ್ರತಿ ವಾರವೂ ಆ ಹೊತ್ತಿಗೆ ಬಾಗಿಲಿಗೆ ಬೆನ್ನು ಕೊಟ್ಟು ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಒಳಗೆ ಏನು ಮಾತಾಯಿತೆಂದು ಒಂದು ದಿನವೂ ಕೇಳಲಿಲ್ಲ.

ಮಾತಾಡಿದ್ದರಿಂದ ಎದೆ ಬಡಿಯುವುದು ನಿಂತಿತೇ? ಇಲ್ಲ. ಅದು ಬಂದು ಹೋಗುತ್ತದೆ, ಅದರಿಂದ ಸಾಯುವುದಿಲ್ಲ ಎಂಬುದು ತಿಳಿಯಿತು. ಮುಂದಿನ ಪರೀಕ್ಷೆಯಲ್ಲಿ ಎದೆ ಬಡಿಯುತ್ತಿದ್ದರೂ ಕೊನೆಯ ಪ್ರಶ್ನೆಯವರೆಗೆ ಬರೆದೆ. ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವೀಧರೆ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬೈಲಹೊಂಗಲದ ಕಾಲೇಜಿನಲ್ಲಿ ಪ್ರಮಾಣಪತ್ರ ಕೊಟ್ಟರು. ವೇದಿಕೆಯಿಂದ ಇಳಿದು ಅದನ್ನು ಅವ್ವನ ಕೈಗಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಅಂದಳು:

"ನನಗೂ ಹಂಗ ಆಗಿತ್ತವಾ. ಏಳನೇತ್ತಾ ಪರೀಕ್ಷಿಯೊಳಗ. ಎದ್ದು ಬಂದ್ನಿ. ದಡ್ಡಿ ಅಂದು ಸಾಲಿ ಬಿಡಿಸಿದ್ರು. ಇಷ್ಟ ವರ್ಸಾ ನಾನೂ ಹೌದಂತನ ತಿಳಕೊಂಡಿದ್ನಿ."